ಕಿವಿ ನೋಡುವ ಕೋಣೆ

ಹದಿನಾಲ್ಕು ಜನರ ಆ ತಂಡದಲ್ಲಿ ಡಾಕ್ಟರಲ್ಲದಿದ್ದರೂ ರೋಗಿಗಳಿಂದ ಡಾಕ್ಟರ್ ಎನಿಸಿಕೊಂಡವಳು ಅವಳೊಬ್ಬಳೇ. ಕಿವಿ ಮಂದವಾದವರನ್ನು ಪರೀಕ್ಷಿಸಿ ಶ್ರವಣ ಯಂತ್ರ ಹೊಂದಿಸಿಕೊಡುವುದು ಅವಳ ಕೆಲಸ. ಚರ್ಚಿನವರು ಹೊರದೇಶದಲ್ಲಿ ಒಂದು ವಾರದ ವೈದ್ಯಕೀಯ ಸೇವೆಗೆ ಹೊರಟಾಗ ವರ್ಷದ ರಜೆಯನ್ನೆಲ್ಲ ಅದಕ್ಕೇ ಸುರಿದು, ನಲವತ್ತು ಯಂತ್ರಗಳ ಪೆಟ್ಟಿಗೆಯನ್ನು ವಿಮಾನದಲ್ಲಿ ಮಡಿಲಿನಿಂದ ಇಳಿಸದೆ ತಂದಿದ್ದಳು. ತಂಡದವರಿಗೆ ಅವಳು 'ಕಿವಿ ಅಕ್ಕ'.

ಅವರು ಇಳಿದುಕೊಂಡದ್ದು ಹಳೆಯ ಮಿಷನ್ ಆಸ್ಪತ್ರೆಯಲ್ಲಿ. ಇಂಥ ತಂಡಗಳು ಬಂದಾಗ ಮಾತ್ರ ಅದರ ಬೀಗ ತೆಗೆಯುತ್ತಿದ್ದರು. ಮುಂದಿನ ಹಜಾರ ಕಣ್ಣಿನ ಡಾಕ್ಟರಿಗೆ ಹೋಯಿತು. ಕಿವಿ ಪರೀಕ್ಷೆಗೆ ಸದ್ದೇ ಇರಬಾರದಾದ್ದರಿಂದ ಅವಳು ಉದ್ದನೆಯ ಪಡಸಾಲೆಯ ಕಟ್ಟಕಡೆಯ ಕೋಣೆಯನ್ನು ಕೇಳಿ ಪಡೆದಳು. ಮಾತು ತಿಳಿಸಲು ಆ ಊರಿನದೇ ಒಬ್ಬ ನರ್ಸ್ ಸಿಕ್ಕಳು. ಪ್ರಾಯದಲ್ಲಿ ನಮ್ಮ ಕಡೆಗೆ ಬಂದು ನಾಲ್ಕು ವರ್ಷ ನರ್ಸಿಂಗ್ ಓದಿದವಳು. ಕನ್ನಡ ಇನ್ನೂ ನಾಲಿಗೆಯ ತುದಿಯಲ್ಲಿತ್ತು.

ಮೊದಲು ಬಂದವನು ನಿವೃತ್ತ ಬಸ್ ಡ್ರೈವರ್. ಮೂವತ್ತು ವರ್ಷ ಇಂಜಿನ್ನಿನ ಪಕ್ಕ ಕೂತು ಕಿವಿ ಕಳೆದುಕೊಂಡವನು. ಯಂತ್ರ ಹಾಕಿ ಚಾಲೂ ಮಾಡಿ, "ಕೇಳಿಸ್ತಿದೆಯಾ?" ಎಂದಳು. ಅವನು ಅವಳತ್ತ ನೋಡಲೇ ಇಲ್ಲ. ಎಡಗಡೆಯ ಗೋಡೆಯತ್ತ ತಿರುಗಿ ಏನೋ ಕೇಳಿದ.

"ಏನಂದ್ರು?"

ನರ್ಸ್ ಹತ್ತಿಯ ಉಂಡೆಯೊಂದನ್ನು ಕೈಗೆತ್ತಿಕೊಂಡಳು. "ಚೆನ್ನಾಗಿ ಕೇಳಿಸ್ತಿದೆಯಂತೆ ಅಕ್ಕ."

ಎರಡನೆಯವಳು ಬಟ್ಟೆ ಹೊಲಿಯುವ ಹೆಂಗಸು. ಅವಳೂ ಗೋಡೆಯತ್ತಲೇ ತಿರುಗಿದಳು. ನಾಲ್ಕನೆಯವನಂತೂ ಎದ್ದು ಹೋಗಿ ಗೋಡೆಗೆ ಕಿವಿ ಆನಿಸಿ ನಿಂತುಬಿಟ್ಟ. ಪ್ರತಿ ಸಲವೂ ನರ್ಸ್ ಹೇಳಿದ್ದು ಅದೇ ಮಾತು.

"ಸಿಸ್ಟರ್, ಅವರು ಹತ್ತು ಮಾತಾಡಿದ್ರೆ ನೀವು ಒಂದರಲ್ಲಿ ಮುಗಿಸ್ತಿದ್ದೀರಿ. ನಿಜ ಹೇಳಿ."

ನರ್ಸ್ ಕೈಯಲ್ಲಿದ್ದ ಹತ್ತಿಯನ್ನು ಹಿಂಜುತ್ತ ಕೂತಳು. "ಪಕ್ಕದ ರೂಮಲ್ಲಿ ಮಕ್ಕಳಿದ್ದಾರಾ ಅಂತ ಕೇಳ್ತಾರೆ. ಎಲ್ಲರೂ."

"ಇದ್ದಾರಾ?"

"ಪಕ್ಕದಲ್ಲಿ ರೂಮೇ ಇಲ್ಲವಲ್ಲ."

ಊಟದ ಬಿಡುವಿನಲ್ಲಿ ಕಿವಿ ಅಕ್ಕ ಹೊರಗೆ ಹೋಗಿ ಕಟ್ಟಡದ ಬೆನ್ನಿಗೆ ಬಂದು ನೋಡಿದಳು. ತನ್ನ ಕೋಣೆಯ ಕಿಟಕಿ ದಾಟಿದ ಮೇಲೂ ಗೋಡೆ ಮುಂದುವರಿದಿತ್ತು. ಅದರಲ್ಲಿ ಇಟ್ಟಿಗೆಯಿಂದ ಮುಚ್ಚಿ ಸುಣ್ಣ ಬಳಿದ ಎರಡು ಕಿಟಕಿಗಳ ಗುರುತು.

ತಂಡದ ಪಾಸ್ಟರ್ ಮಾತಿನ ಮಲ್ಲ. "ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ, ಬಾಯಿ ಬೇರೆ ಇದೆಯಾ?" ಎಂದು ನಕ್ಕರು. "ಯಂತ್ರದ ಶಿಳ್ಳೆ ಇರ್ಬೇಕಮ್ಮ. ತಲೆ ಕೆಡಿಸ್ಕೋಬೇಡ."

ಯಂತ್ರ ಶಿಳ್ಳೆ ಹೊಡೆದರೆ ಹೇಗಿರುತ್ತದೆಂದು ಹದಿನೆಂಟು ವರ್ಷ ಅದನ್ನೇ ಕೇಳಿದವಳಿಗೆ ಹೇಳಿಕೊಡಬೇಕಿರಲಿಲ್ಲ. ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿದದ್ದೇ ರೋಗಿಗಳು ಬರುವ ಮೊದಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಂತ್ರವನ್ನು ತಾವೇ ಕೇಳಿ ನೋಡಲು ಪರೀಕ್ಷಕರ ಬಳಿ ಸ್ಟೆತಸ್ಕೋಪಿನಂಥ ಒಂದು ಕೊಳವೆ ಇರುತ್ತದೆ. ಅದರ ತುದಿಗೆ ಯಂತ್ರ ಸಿಕ್ಕಿಸಿ, ಕಿವಿಗಿಟ್ಟುಕೊಂಡು, ಸದ್ದನ್ನು ಪೂರ್ತಿ ಏರಿಸಿ ಗೋಡೆಯ ಬಳಿ ಹಿಡಿದಳು.

ಮೊದಲು ಕೇಳಿಸಿದ್ದು ತನ್ನದೇ ಉಸಿರು, ಸೆರಗಿನ ಸರಬರ. ಆಮೇಲೆ ಪಿಸುಮಾತು. ಭಾಷೆ ತಿಳಿಯದಿದ್ದರೂ ಮಕ್ಕಳದೆಂದು ತಿಳಿಯಲು ಕಷ್ಟವಿರಲಿಲ್ಲ. ಒಂದು ಮಗು ಏನೋ ಹೇಳುತ್ತಿತ್ತು. ಇನ್ನೊಂದು 'ಶ್' ಎನ್ನುತ್ತಿತ್ತು. ಅವಳು ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟಿದಳು. ಟೀಚರ್ ಒಳಗೆ ಬಂದಾಗ ತರಗತಿ ಸುಮ್ಮನಾಗುವ ಹಾಗೆ ಆಚೆಕಡೆ ಸುಮ್ಮನಾಯಿತು. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೇ ಬಾಯಿಟ್ಟು ಕೇಳಿದಷ್ಟು ಹತ್ತಿರದಲ್ಲಿ, ಒಂದೇ ಒಂದು ಪದ.

ಅವಳು ಅದನ್ನು ಕೇಳಿದ ಹಾಗೇ ಕನ್ನಡದಲ್ಲಿ ಬರೆದಿಟ್ಟು, ಬಂದ ನರ್ಸಿಗೆ ತೋರಿಸಿದಳು. ನರ್ಸ್ ಅದನ್ನು ಎರಡು ಸಲ ಓದಿದಳು.

"'ಬಂದ್ಯಾ?' ಅಂತ," ಎಂದಳು.

ಆಮೇಲೆ ಒಂದೊಂದಾಗಿ ಎಲ್ಲ ಹೊರಬಂತು. ಗೋಡೆಯಾಚೆ ಇದ್ದದ್ದು ಮಕ್ಕಳ ವಾರ್ಡು. ನರ್ಸಿನ ಅತ್ತೆ ಅಲ್ಲಿ ಆಯಾ ಆಗಿದ್ದರು. ನಲವತ್ತು ವರ್ಷದ ಹಿಂದೆ ಒಂದು ವಿಷಮ ಜ್ವರ ಬಂದು ಆಸ್ಪತ್ರೆಯ ಅರ್ಧ ಜನ ಮಲಗಿದರು, ಉಳಿದರ್ಧ ಓಡಿಹೋದರು. ವಾರ್ಡಿನಲ್ಲಿ ಉಳಿದದ್ದು ಐದು ಮಕ್ಕಳು ಮತ್ತು ಆಯಾ. ಕುಡಿಯುವ ನೀರು ತೀರಿದಾಗ ಅವರು ಮಕ್ಕಳಿಗೆ ಹೇಳಿದರಂತೆ: ನಾನು ಬರೋ ತನಕ ಗಲಾಟೆ ಮಾಡ್ಬೇಡಿ, ಮಾತಾಡಿದಷ್ಟೂ ಬಾಯಾರುತ್ತೆ. ನೀರಿಗೆ ಹೋದವರು ನಲ್ಲಿಯ ಹತ್ತಿರವೇ ಬಿದ್ದರು. ಅವರಿಗೂ ಅದೇ ಜ್ವರ. ಹನ್ನೆರಡು ದಿನ ಬಿಟ್ಟು ಎಚ್ಚರವಾದಾಗ ಕಿವಿ ಹೋಗಿತ್ತು, ಮಕ್ಕಳೂ ಹೋಗಿದ್ದರು, ಬಾಗಿಲಿದ್ದಲ್ಲಿ ಇಟ್ಟಿಗೆ ಬಂದಿತ್ತು.

"ಅವರನ್ನ ಕರ್ಕೊಂಡು ಬನ್ನಿ."

"ಬೇಡ ಅಕ್ಕ. ಅವರಿಗೆ ಏನೂ ಕೇಳಿಸದೇ ಇರೋದೇ ಒಳ್ಳೇದು ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೀನಿ."

"ಅದನ್ನ ನೀವು ಹೇಳೋದಾ, ಅವರು ಹೇಳೋದಾ?"

ನರ್ಸ್ ಅಂದು ಮನೆಗೆ ಹೋಗಿ ಎಲ್ಲವನ್ನೂ ಚೀಟಿಯಲ್ಲಿ ಬರೆದು ಅತ್ತೆಯ ಮುಂದಿಟ್ಟಿರಬೇಕು. ಮೂರನೆಯ ದಿನ ಬಾಗಿಲು ತೆಗೆಯುವ ಮೊದಲೇ ಸಾಲಿನ ತುದಿಯಲ್ಲಿ ಒಬ್ಬ ಮುದುಕಿ ನಿಂತಿದ್ದರು. ಮೈಮೇಲೆ ಒಗೆದು ಮಡಿಸಿಟ್ಟಿದ್ದ ಬಟ್ಟೆ, ಬಿಗಿಯಾಗಿ ಬಾಚಿದ ತಲೆ, ಕೈಯಲ್ಲಿ ಒಂದು ಕ್ಯಾನ್ ನೀರು.

"ಬೇಡ ಅಂತ ಬಡ್ಕೊಂಡೆ," ಎಂದಳು ನರ್ಸ್. "ಕಿವುಡರ ಮುಂದೆ ಬಡ್ಕೊಂಡು ಏನು ಬಂತು?"

ಕಿವಿ ಅಕ್ಕ ಪೆಟ್ಟಿಗೆಯಲ್ಲಿದ್ದ ಅತಿ ಶಕ್ತಿಯ ಯಂತ್ರವನ್ನು ತೆಗೆದು ಹೊಂದಿಸಿದಳು. ಇಷ್ಟು ಹಳೆಯ ಕಿವುಡಿಗೆ ಅದೂ ಸಾಲದೇ ಹೋಗಬಹುದು ಎಂದು ಮೊದಲೇ ತಿಳಿಸಿದ್ದಳು. ಆದರೆ ಚಾಲೂ ಮಾಡಿದ ಕೂಡಲೇ ಮುದುಕಿಯ ಕಣ್ಣೆವೆ ಅದುರಿತು. ಅವರು ತಾವಾಗಿಯೇ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿಕೊಂಡು ಕೂತರು. ತುಂಬ ಹೊತ್ತು ಕೇಳಿದರು. ಮುಖದಲ್ಲಿ ಭಯವಿರಲಿಲ್ಲ, ಮಕ್ಕಳ ದೂರು ಕೇಳುತ್ತಿರುವ ಹೆಂಗಸಿನ ತಾಳ್ಮೆಯಿತ್ತು. ಯಾವಾಗಲೋ ಪಾಸ್ಟರ್ ಬಾಗಿಲ ಬಳಿ ಬಂದು ನಿಂತಿದ್ದರು.

ಕೊನೆಗೆ ಮುದುಕಿ ಕಿವುಡರ ಗಟ್ಟಿ ದನಿಯಲ್ಲಿ ಮಾತಾಡಿದರು. ನರ್ಸ್ ಉಸಿರಿನಲ್ಲೇ ಕನ್ನಡ ಮಾಡುತ್ತ ಹೋದಳು.

"ಬಂದೆ ಅಂತಿದ್ದಾರೆ... ತಡ ಆಯ್ತು, ನನಗೂ ಜ್ವರ ಬಂದ್ಬಿಡ್ತು ಅಂತಿದ್ದಾರೆ... ನೀರು ತಂದಿದ್ದೀನಿ... ಇನ್ನು ಮಾತಾಡ್ಬಹುದು. ಎದ್ದು ಬನ್ನಿ, ಮನೆಗೆ ಹೋಗಿ."

ಕಿವಿ ಅಕ್ಕನಿಗೆ ಯಾವ ಸದ್ದೂ ಕೇಳಿಸಲಿಲ್ಲ. ಪಾದದ ಮೇಲೆ ತಣ್ಣನೆಯ ಗಾಳಿ ಹರಿದುಹೋಯಿತು, ಅಷ್ಟೇ. ಅವಳು ಪಡಸಾಲೆಯತ್ತ ನೋಡಿದಳು. ಅಲ್ಲಿ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಸಿಕೊಂಡ ಹನ್ನೆರಡು ಜನ ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಮೊದಲನೆಯವನ ತಲೆ ಮೆಲ್ಲಗೆ ಈಚೆಯಿಂದ ಆಚೆಗೆ ತಿರುಗಿತು. ಆಮೇಲೆ ಎರಡನೆಯವನದು, ಮೂರನೆಯವನದು. ಏನೋ ತಮ್ಮ ಮುಂದೆ ಹಾದುಹೋದಂತೆ ಹನ್ನೆರಡು ತಲೆಗಳೂ ಒಂದರ ಹಿಂದೊಂದು ಹೊರಬಾಗಿಲಿನತ್ತ ತಿರುಗಿದವು.

ಹಜಾರದಿಂದ ಕಣ್ಣಿನ ಡಾಕ್ಟರ್ ಗದರಿದ್ದು ಎಲ್ಲರಿಗೂ ಕೇಳಿಸಿತು: "ಯಾರದ್ರೀ ಮಕ್ಕಳು? ಇಲ್ಲಿ ಓಡಬಾರದು ಅಂತ ಹೇಳಿ!"

ಕ್ಯಾನಿನ ನೀರು ಇದ್ದ ಹಾಗೇ ಇತ್ತು. ಮುದುಕಿ ಅದನ್ನು ಗೋಡೆಯ ಬುಡಕ್ಕೆ ಸುರಿದು, ಯಂತ್ರ ಬಿಚ್ಚದೆ, ನರ್ಸಿನ ತೋಳು ಹಿಡಿದು ಹೊರಗೆ ನಡೆದರು.

ಆಮೇಲೆ ಉಳಿದ ದಿನಗಳಲ್ಲಿ ಬಂದ ಇಪ್ಪತ್ತೊಂದು ಜನರಲ್ಲಿ ಒಬ್ಬರೂ ಗೋಡೆಯತ್ತ ತಿರುಗಲಿಲ್ಲ. ಕೊಳವೆಯಲ್ಲಿ ಅವಳಿಗೆ ಕೇಳಿಸಿದ್ದು ತನ್ನ ಉಸಿರು ಮಾತ್ರ. ಮುದುಕಿ ಬಂದಿದ್ದ ದಿನದ ಸಂಜೆಯ ಪ್ರಾರ್ಥನೆಗೆ ಪಾಸ್ಟರ್ ತಾವೇ ಮುದುಕಿಯಿಂದ ಐದು ಹೆಸರು ಬರೆಸಿಕೊಂಡು ತಡವರಿಸುತ್ತ ಓದಿದರು. ಐದನೆಯ ಹೆಸರಿಗೆ ನರ್ಸ್ ತಲೆಯೆತ್ತಿದಳು. ಅದು ಅವಳ ಮಗಳ ಹೆಸರು. ಮಗು ಹುಟ್ಟಿದಾಗ ಇದೇ ಇರಲಿ ಎಂದು ಹಟ ಹಿಡಿದು ಇಡಿಸಿದ್ದು ಅತ್ತೆ.

ಹೊರಡುವ ಬೆಳಿಗ್ಗೆ ವ್ಯಾನಿಗೆ ಸಾಮಾನು ತುಂಬುತ್ತಿರುವಾಗ ಮುದುಕಿ ಬ್ಯಾಟರಿ ಬದಲಿಸುವುದನ್ನು ಕಲಿಯಲು ಬಂದರು. ಕಲಿತಾದ ಮೇಲೆ ಸೊಸೆಯನ್ನು ತೋರಿಸಿ ಏನೋ ಹೇಳಿದರು. ನರ್ಸಿನ ಮುಖ ಕೆಂಪಾಯಿತು.

"ಹೇಳಿ ಸಿಸ್ಟರ್."

"ಇವಳು ಮಾತಾಡುವಾಗ ಹುಬ್ಬು ಗಂಟು ಹಾಕ್ತಾಳೆ, ಇಪ್ಪತ್ತು ವರ್ಷದಿಂದ ಬೈತಾನೇ ಇದ್ದಾಳೆ ಅಂದ್ಕೊಂಡಿದ್ದರಂತೆ. ನೋಡಿದ್ರೆ ಬರೀ 'ಊಟ ಆಯ್ತಾ, ಮಾತ್ರೆ ತಗೊಂಡ್ರಾ' ಅಂತ ಕೇಳ್ತಿದ್ದಳಂತೆ."

ಕಿವಿ ಅಕ್ಕ ಉಳಿದಿದ್ದ ಬ್ಯಾಟರಿಗಳನ್ನೆಲ್ಲ ಮುದುಕಿಯ ಚೀಲಕ್ಕೆ ಸುರಿದಳು. ಅತ್ತೆ ಸೊಸೆ ಗೇಟಿನ ತನಕ ಬಂದರು. ವ್ಯಾನು ಹೊರಟಾಗಲೂ ಮುದುಕಿ ಏನೋ ಹೇಳುತ್ತಲೇ ಇದ್ದರು; ಸೊಸೆ ಅವರ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಉತ್ತರ ಕೊಡುತ್ತಿದ್ದಳು.