ಬೆನ್ನು ತಿರುಗಿಸಿದವನ ಮಾತು

ಶಶಿಕಾಂತ ಮತ್ತು ರೇಷ್ಮಾ ಹಳೆಯ ಇಂಗ್ಲಿಷ್ ಸಿನಿಮಾಗಳ ತುಣುಕಿಗೆ ತಮ್ಮ ಕಡೆಯ ಮಾತು ಕೂಡಿಸಿ ಯೂಟ್ಯೂಬಿಗೆ ಬಿಡುತ್ತಿದ್ದರು. ರಬಕವಿಯಲ್ಲಿ ಅದು ಸುಲಭದ ಕೆಲಸವಲ್ಲ. ಓಣಿಯ ತುಂಬ ಪಾವರ್‌ಲೂಮ್. ಮಗ್ಗ ನಡೆದಾಗ ಮೈಕಿನ ಮುಂದೆ ಕೂತರೆ ಸಿನಿಮಾದ ಮರುಭೂಮಿಯಲ್ಲೂ ಸೀರೆ ನೇಯುವ ಸದ್ದು ಬರುತ್ತದೆ. ಒಮ್ಮೆ ಹಾಗೇ ಬಿಟ್ಟು, ನೋಡಿದವರಿಂದ ಸಾಕಷ್ಟು ಬೈಸಿಕೊಂಡಿದ್ದರು. ಆಮೇಲೆ ಕರೆಂಟು ಹೋದಾಗಲೇ ಕೆಲಸ.

ಆ ಶುಕ್ರವಾರ ಮಧ್ಯಾಹ್ನ ಮಗ್ಗಗಳು ನಿಂತದ್ದೇ ತಡ, ಶಶಿಕಾಂತ ಲ್ಯಾಪ್‌ಟಾಪ್ ಹಿಡಿದು ರೇಷ್ಮಾಳ ಮನೆಗೆ ಓಡಿದ. ಅವಳು ಆಗಲೇ ಕಿಟಕಿಗೆ ಕಂಬಳಿ, ಗೋಡೆಗೆ ಕೌದಿ ಕಟ್ಟಿದ್ದಳು. ಅವಳ ಅಜ್ಜಿ ಬೋರವ್ವ, ಕೆಮ್ಮುವುದಿಲ್ಲವೆಂದು ಮಾತು ಕೊಟ್ಟು, ಬಾಗಿಲಲ್ಲಿ ಕೂತಿದ್ದಳು.

ಸಿನಿಮಾದಲ್ಲಿ ಗಂಡ ಸತ್ತ ಹೆಂಗಸೊಬ್ಬಳ ಬಂಗಾರವನ್ನು ಕಳ್ಳರು ಒಯ್ದಿರುತ್ತಾರೆ. ಕುದುರೆ ಸವಾರನೊಬ್ಬ ಬೆನ್ನಟ್ಟಿ ಹೋಗಿ ತಂದುಕೊಡುತ್ತಾನೆ. ಇವರ ಸವಾರ ಬೀರಪ್ಪ ದೇವರ ಆಣೆ ಹಾಕಿ ಹೊರಟಿದ್ದ. ಇವರ ಕಳ್ಳರು ಗಲಗಲಿ ಹತ್ತಿರ ಹೊಳೆ ದಾಟಿದ್ದರು. ಉಳಿದದ್ದು ಕೊನೆಯ ದೃಶ್ಯವೊಂದೇ.

ಸೋಮವಾರ ರೇಷ್ಮಾಳನ್ನು ನೋಡಲು ಮುಧೋಳದಿಂದ ಗಂಡು ಬರುವವನಿದ್ದ. ಸುದ್ದಿ ಹೇಳಿದವಳು ಅವಳೇ. ಹೇಳಿ, ಸ್ವಲ್ಪ ಹೊತ್ತು ಶಶಿಕಾಂತನ ಮುಖ ನೋಡಿದ್ದಳು. ಅವನು ಛಲೋ ಆತು ಅಂದುಬಿಟ್ಟಿದ್ದ. ಊರ ಮಂದಿಯನ್ನೆಲ್ಲ ನಗಿಸುವ ಬಾಯಿ, ಅವಳೆದುರು ಮಾತ್ರ ಕೆಲಸಕ್ಕೆ ಬಾರದ್ದು.

ಈ ಕಸುಬಿನಲ್ಲಿ ತುಟಿಯೇ ಯಜಮಾನ. ತೆರೆಯ ಮೇಲಿನವರು ಬಾಯಿ ತೆರೆದಷ್ಟು ಹೊತ್ತೇ ಮಾತು. ಬೆನ್ನು ತಿರುಗಿಸಿ ನಿಂತವನ ಬಾಯಲ್ಲಿ ಮಾತ್ರ ಏನು ಬೇಕಾದರೂ ಇಡಬಹುದು.

ತೆರೆಯ ಮೇಲೆ ಸವಾರ ಬಂಗಾರದ ಚೀಲ ಕೆಳಗಿಟ್ಟು, ಬೆನ್ನು ತಿರುಗಿಸಿ ಕುದುರೆಯ ಜೀನು ಬಿಗಿಯತೊಡಗಿದ. ನಿಮ್ಮ ಬಂಗಾರ ನೋಡಕೋರಿ ಅಕ್ಕಾರ ಎಂದು ಶಶಿಕಾಂತ ಹೇಳಬೇಕಿತ್ತು. ಅವನು ಮೈಕಿನ ಹತ್ತಿರ ಬಗ್ಗಿದ.

“ಆ ಮುಧೋಳದಾಂವಗ ಬ್ಯಾಡ ಅನ್ನು ರೇಷ್ಮಾ. ನನ್ನ ಲಗ್ನಾ ಆಗ್ತಿಯೇನು?”

ರೇಷ್ಮಾ ಅವನ ಕಡೆ ತಿರುಗಲಿಲ್ಲ. ಈಗ ತೆರೆಯ ತುಂಬ ಆ ಹೆಂಗಸಿನ ಮುಖ; ತುಟಿ ಬಿಗಿದೇ ಇತ್ತು. ರೆಕಾರ್ಡಿಂಗ್ ನಿಲ್ಲಿಸಿಬಿಡೋಣವೆಂದು ಶಶಿಕಾಂತ ಕೈ ಚಾಚಿದರೆ ರೇಷ್ಮಾ ಆ ಕೈಗೆ ಮೆಲ್ಲಗೆ ಹೊಡೆದಳು. ಕೊನೆಗೆ ಹೆಂಗಸು ಚೀಲ ಎತ್ತಿಕೊಂಡು ಮನೆಯತ್ತ ತಿರುಗಿದಳು. ಅವಳ ಬೆನ್ನು ಕಂಡ ಕೂಡಲೇ ರೇಷ್ಮಾ ಮಾತಾಡಿದಳು, ಆ ಹೆಂಗಸಿಗೆಂದು ಇಟ್ಟುಕೊಂಡಿದ್ದ ದಪ್ಪ ದನಿಯಲ್ಲೇ.

“ಆಗ್ತೇನಿ. ನಾಳಿಗೇ ನಿಮ್ಮವ್ವನ್ನ ಕರಕೊಂಡ ಬಂದು ನಮ್ಮಪ್ಪನ್ನ ಕೇಳು. ಇವನಂಗ ಕುದುರಿ ಹತ್ತಿ ಓಡಬ್ಯಾಡ.”

ತೆರೆಯ ಮೇಲೆ ಸವಾರ ಧೂಳೆಬ್ಬಿಸಿ ಹೋಗೇಬಿಟ್ಟ. ಬೋರವ್ವ ಗೋಡೆ ಹಿಡಿದು ಎದ್ದಳು.

“ಆಂವ ಹ್ವಾದ್ರ ಹೋಗ್ಲಿ. ನೀ ಚಾ ಕುಡದ ಹೋಗು ಲೇ,” ಅಂದು ಒಳಗೆ ಹೋದಳು.

ರೇಷ್ಮಾ ದೃಶ್ಯವನ್ನು ಹಿಂದಕ್ಕೆ ಒಯ್ದಳು. ಕರೆಂಟು ಬರುವ ಮೊದಲು ಬಂಗಾರದ ಮಾತು ಹೇಳಿ ಮುಗಿಸು, ನೋಡುವ ಮಂದಿಗೆ ಬೇಕಾದದ್ದು ಅದು ಎಂದಳು. ಸವಾರ ಮತ್ತೆ ಬೆನ್ನು ತಿರುಗಿಸಿ ನಿಂತ. ಶಶಿಕಾಂತನಿಗೆ ಒಂದು ಮಾತೂ ನೆನಪಾಗಲಿಲ್ಲ. ಅವಳೇ ಕಿವಿಯಲ್ಲಿ ಹೇಳಿಕೊಟ್ಟಳು.