ನಾಲ್ಕು ಬೆರಳು ಬಟ್ಟೆ

ಬಸ್ ನಿಲ್ದಾಣದ ಮೆಟ್ಟಿಲ ಕೆಳಗೆ ಮಲಗಿ ಎದ್ದು, ಅಲ್ಲಿನ ನಲ್ಲಿಯಲ್ಲೇ ಮುಖ ತೊಳೆಯುತ್ತಿದ್ದ ಹುಡುಗಿಗೆ ಸೂಜಿ ಎಂದು ಹೆಸರಿಟ್ಟವಳು ಟೈಲರಕ್ಕ. ಅಂಗಡಿಯ ನೆಲದಲ್ಲಿ ಬಿದ್ದ ಸೂಜಿಗಳು ಎಲ್ಲಿದ್ದರೂ ಹುಡುಗಿಯ ಕಣ್ಣಿಗೆ ಬೀಳುತ್ತಿದ್ದವು. ವಯಸ್ಸು ಹತ್ತು ಇರಬಹುದು, ಬರೆದಿಟ್ಟವರು ಯಾರು? ಬೀದಿಯವರ ಬಾಯಲ್ಲಿ ಮಾತ್ರ ಅವಳು 'ಆ ಕಳ್ಳಿ'. ಏನು ಕದ್ದಳು ಎಂದು ಕೇಳಿದರೆ ಒಬ್ಬರ ಬಳಿಯೂ ಉತ್ತರವಿರಲಿಲ್ಲ.

ಅಂಗಡಿಯಲ್ಲಿ ಅವಳ ಕೆಲಸ ಹೊಲಿಗೆ ಬಿಚ್ಚುವುದು. ಶಾಲೆಯ ಮಕ್ಕಳ ಲಂಗ ಹೊಲಿಯುವಾಗ ಅಕ್ಕ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿಡುತ್ತಿದ್ದಳು. ಮಗು ಉದ್ದವಾದಾಗ ತಾಯಂದಿರು ಲಂಗ ತರುತ್ತಿದ್ದರು. ಸೂಜಿ ಹೊಲಿಗೆ ಬಿಚ್ಚಿದರೆ ಅಕ್ಕ ಅಂಚು ಇಳಿಸಿ ಮತ್ತೆ ಹೊಲಿಯುತ್ತಿದ್ದಳು.

"ಮಕ್ಕಳ ಬಟ್ಟೆ ಇವತ್ತಿಗೆ ಹೊಲಿಯೋದಲ್ಲ ಕಣೇ, ಬರೋ ವರ್ಷಕ್ಕೆ ಹೊಲಿಯೋದು," ಎನ್ನುತ್ತಿದ್ದಳು ಅಕ್ಕ.

ಒಂದು ದಿನ ಅಕ್ಕ ಟೇಪು ಹಿಡಿದು ಸೂಜಿಯನ್ನೇ ಕರೆದಳು.

"ನೆಟ್ಟಗೆ ನಿಲ್ಲೇ. ಸೋಮವಾರ ನಿನ್ನ ಸ್ಕೂಲಿಗೆ ಸೇರಿಸ್ತೀನಿ."

"ಅಲ್ಲಿ ಅಪ್ಪ ಅಮ್ಮನ ಸೈನ್ ಕೇಳ್ತಾರಂತಲ್ಲ ಅಕ್ಕ?"

"ನಾನಿಲ್ವಾ? ನಮ್ಮ ಹುಡುಗಿ ಅಂತ ನಾನೇ ಹಾಕ್ತೀನಿ."

ನಮ್ಮ ಹುಡುಗಿ. ಹುಟ್ಟಿದಾಗಿನಿಂದ ಯಾರೂ ಅವಳನ್ನು ಹಾಗೆ ಅಂದಿರಲಿಲ್ಲ. ಆ ಮಾತನ್ನೇ ಮೆಲುಕು ಹಾಕುತ್ತ ಸಂಜೆ ಕಸ ಗುಡಿಸುವಾಗ, ಅವಳ ಲಂಗದ ಬಟ್ಟೆಯಿಂದ ಕತ್ತರಿಸಿ ಬಿದ್ದ ಉದ್ದನೆಯ ನೀಲಿ ಪಟ್ಟಿ ಸಿಕ್ಕಿತು. ಎರಡಾಗಿ ಮಡಚಿ ಜಡೆಗೆ ಕಟ್ಟಿಕೊಂಡಳು. ಪಕ್ಕದಲ್ಲಿ ಚಪ್ಪಲಿ ಹೊಲಿಯುವ ಅಜ್ಜ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಚುಡಾಯಿಸಿದ. ಸೂಜಿಗೆ ನಗು ತಡೆಯಲಾಗಲಿಲ್ಲ.

ಸೋಮವಾರ ಸೂಜಿ ಹೊಸ ಲಂಗ ತೊಟ್ಟು, ಜಡೆಗೆ ಅದೇ ಪಟ್ಟಿ ಕಟ್ಟಿ ಅಕ್ಕನ ಜೊತೆ ಶಾಲೆಗೆ ಹೋದಳು. ಹೆಡ್‌ಮೇಡಂ ಕೋಣೆಯಲ್ಲಿ ಔಷಧಿ ಅಂಗಡಿಯವನ ಹೆಂಡತಿ ಮಗಳ ಜೊತೆ ಕೂತಿದ್ದಳು. ಸೂಜಿಯನ್ನು ಕಂಡದ್ದೇ ಮಗಳ ಕುರ್ಚಿಯನ್ನು ತನ್ನತ್ತ ಎಳೆದುಕೊಂಡಳು.

"ಮೇಡಂ, ಇದು ಬಸ್ ಸ್ಟ್ಯಾಂಡಲ್ಲಿ ಬಿದ್ದಿರೋ ಹುಡುಗಿ. ಇಂಥವರ ಪಕ್ಕ ನಮ್ಮ ಮಕ್ಕಳು ಕೂರಬೇಕಾ?"

ಮೇಡಂ ಟೈಲರಕ್ಕನ ಕಡೆ ತಿರುಗಿದರು. "ಏನಮ್ಮ, ಈ ಹುಡುಗಿ ನಿಮಗೇನಾಗ್ಬೇಕು?"

ಆ ಶಾಲೆಯ ಅಷ್ಟೂ ಯೂನಿಫಾರ್ಮ್ ಹೊಲಿಯುತ್ತಿದ್ದುದು ಅಕ್ಕನೇ. ಸಹಿ ಹಾಕಲು ಎತ್ತಿಕೊಂಡಿದ್ದ ಪೆನ್ನನ್ನು ಮೇಜಿನ ಮೇಲಿಟ್ಟಳು.

"ನನಗೇನೂ ಆಗ್ಬೇಕಿಲ್ಲ ಮೇಡಂ. ಅಂಗಡಿ ಹತ್ರ ಸುಳಿದಾಡ್ತಿರ್ತಾಳೆ. ಪಾಪ ಅಂತ ಕರ್ಕೊಂಡ್ ಬಂದೆ, ಅಷ್ಟೆ."

ನಂಬಿಸಿ ಕುತ್ತಿಗೆ ಕೊಯ್ಯುವುದಕ್ಕೆ ಕತ್ತರಿಯೇ ಬೇಕೆಂದಿಲ್ಲ, ಇಷ್ಟು ಮೆತ್ತಗಿನ ಮಾತು ಸಾಕು. ಕಳ್ಳಿ ಎಂದವರಿಗೆಲ್ಲ ಕಿವುಡಾಗಿದ್ದ ಸೂಜಿಗೆ ಆ 'ಪಾಪ'ವನ್ನು ನುಂಗಲಾಗಲಿಲ್ಲ.

ಗೇಟಿನ ಹೊರಗೆ ಅಕ್ಕ ಅವಳ ತಲೆ ಸವರಿದಳು. "ಬೇಜಾರ್ ಮಾಡ್ಕೋಬೇಡ ಕಣೇ. ಅವರ ಎದುರಿಗೆ ನಮ್ಮ ಹುಡುಗಿ ಅನ್ನೋಕೆ ನನಗೆ ಬಾಯೇ ಬರ್ಲಿಲ್ಲ. ಬರೋ ವರ್ಷ ಖಂಡಿತ ಸೇರಿಸ್ತೀನಿ."

ಸೂಜಿ ಇದನ್ನೂ ನಂಬಿಬಿಡುತ್ತಿದ್ದಳೇನೋ. ಆದರೆ ಬರೋ ವರ್ಷ ಎಂದ ಕೂಡಲೇ, ರೂಢಿಯಾದ ಬೆರಳು ತಾನಾಗಿ ಲಂಗದ ಅಂಚಿಗೆ ಹೋಯಿತು. ಒಳಗೆ ತೆಳ್ಳಗಿನ ಒಂದೇ ಮಡಿಕೆಯಿತ್ತು. ಇಳಿಸಲು ಏನೂ ಇರಲಿಲ್ಲ.

"ಅಕ್ಕ, ನನ್ನ ಲಂಗಕ್ಕೆ ಬಟ್ಟೆ ಬಿಟ್ಟೇ ಇಲ್ವಲ್ಲ."

"ಬಟ್ಟೆ ಸಾಲ್ಲಿಲ್ಲ ಕಣೇ."

ಸೂಜಿ ಜಡೆಯ ಪಟ್ಟಿ ಬಿಚ್ಚಿದಳು. ಅಂಗೈ ಮೇಲೆ ಹರಡಿ, ಅಕ್ಕ ಕಲಿಸಿದಂತೆಯೇ ಬೆರಳಿಟ್ಟು ಅಳೆದಳು. ಅಗಲ ಸರಿಯಾಗಿ ನಾಲ್ಕು ಬೆರಳು. ಅಳತೆ ತೆಗೆದ ದಿನವೇ ಅಕ್ಕನಿಗೆ ಗೊತ್ತಿತ್ತು, ಈ ಲಂಗ ಇಳಿಸಲು ಮತ್ತೆ ಬರುವುದಿಲ್ಲ ಎಂದು.

ಸೂಜಿ ಪಟ್ಟಿಯನ್ನು ಅಚ್ಚುಕಟ್ಟಾಗಿ ಮಡಚಿ ಅಕ್ಕನ ಕೈಯಲ್ಲಿಟ್ಟಳು.

"ತಗೊಳ್ಳಿ ಟೈಲರಮ್ಮ, ನಿಮ್ಮ ಬಟ್ಟೆ. ಆಮೇಲೆ ಕದ್ಲು ಅಂತೀರ."