ಹೋಲಿಕೆಗೆ ಕೂತವಳು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸು, ಅರ್ಧಕ್ಕೆ ಬಿಟ್ಟ ಓದನ್ನು ಮುಗಿಸಲೇಬೇಕೆಂದು ಸಂಜೆ ಕಾಲೇಜಿಗೆ ಸೇರಿದ್ದಳು. ಆ ವಾರ ಮೇಷ್ಟ್ರು ಕೊಟ್ಟದ್ದು ಹೋಲಿಕೆಯ ಪ್ರಬಂಧ.

"ಸೀದಾ ಬರೆಯೋಕೆ ಹೊರಡಬೇಡಿ," ಎಂದಿದ್ದರು ಅವರು. "ಮೊದಲು ಇಬ್ಬರನ್ನ ಆರಿಸ್ಕೊಳ್ಳಿ. ಒಬ್ಬರ ಬಗ್ಗೆ ಕೇಳಿದ ಪ್ರಶ್ನೇನೇ ಇನ್ನೊಬ್ಬರ ಬಗ್ಗೆನೂ ಕೇಳಿ. ಎಲ್ಲಿ ಸೇರ್ತಾರೆ, ಎಲ್ಲಿ ಬೇರೆ ಆಗ್ತಾರೆ ಅಂತ ಗುರುತು ಹಾಕ್ಕೊಂಡು ಒಂದು ರೂಪರೇಖೆ ತನ್ನಿ."

ಅವಳು ದೂರ ಹುಡುಕಲಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಎದುರುಬದುರು ಮಂಚಗಳಲ್ಲಿ ಅಮ್ಮ, ಅತ್ತೆ ಇಬ್ಬರೂ ಇದ್ದರು. ಅತ್ತೆ ಮೊದಲಿನಿಂದಲೂ ಇದ್ದವರು. ಅಮ್ಮ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಬಂದವಳು. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. ಅಮ್ಮ ಕಿಟಕಿ ತೆಗೆದರೆ ಅತ್ತೆ ಮುಚ್ಚುವರು.

ಹಾಳೆಯ ನಡುವೆ ಗೆರೆ ಎಳೆದಳು. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅತ್ತೆ. ಸಿಟ್ಟು, ನಿದ್ದೆ, ಆರೋಗ್ಯ, ಮನೆಗೆಲಸ ಎಂದು ಬರೆದಳು. ಕೂರಲಾಗಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಇಣುಕಿದಳು, ಬಂದು ಒಂದು ಸಾಲು ಗೀಚಿದಳು, ಮತ್ತೆ ಎದ್ದಳು. ಒಬ್ಬರದನ್ನು ಪೂರ್ತಿ ಮುಗಿಸಿ ಇನ್ನೊಬ್ಬರಿಗೆ ಹೋಗಬೇಕೋ, ಒಂದೊಂದೇ ಅಂಶ ಹಿಡಿದು ಇಬ್ಬರನ್ನೂ ಜೊತೆಗೆ ನಡೆಸಬೇಕೋ? ಹಾಗೆ ಒಬ್ಬರದನ್ನು ಮುಗಿಸುವುದಾದರೆ, ಮೊದಲು ಯಾರು? ತೀರ್ಮಾನವಾಗದೆ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮಲಗಿದಳು.

ಮಾರನೆಯ ದಿನದಿಂದ ಮನೆಯ ವರಸೆಯೇ ಬದಲಾಯಿತು. ಊರುಗೋಲು ಹಿಡಿದ ಅಮ್ಮ ಇನ್ನೊಂದು ಕೈಯಲ್ಲಿ ಪೊರಕೆ ಹಿಡಿದಳು. ಎಂದೂ ಚಹಾ ಮೆಚ್ಚದ ಅತ್ತೆ, "ಇವತ್ತು ಚೆನ್ನಾಗಿದೆ ಕಣಮ್ಮ" ಎಂದರು. ಕಿಟಕಿ ಅರ್ಧ ತೆರೆದೇ ಇತ್ತು. ಇಬ್ಬರೂ ಅದರ ತಂಟೆಗೆ ಹೋಗಲಿಲ್ಲ. ಬರೆದದ್ದೆಲ್ಲ ಸುಳ್ಳಾಗುತ್ತಿದೆಯಲ್ಲ ಎಂದು ಅವಳಿಗೆ ಒಳಗೊಳಗೇ ಚಡಪಡಿಕೆ.

ಶನಿವಾರ ಅಂಗಡಿಯಿಂದ ಬಂದಾಗ ಅತ್ತೆಯ ಮಂಚದ ಮೇಲೆ ಬಟ್ಟೆ ತುಂಬಿದ ಚೀಲವಿತ್ತು. ಅದರ ಹಿಡಿಯನ್ನು ಅಮ್ಮ ಬಿಗಿಯಾಗಿ ಹಿಡಿದು ಕೂತಿದ್ದಳು.

"ಎಲ್ಲಿಗೆ ಅತ್ತೆ?"

"ಮಗಳ ಮನೆಗೆ. ನೀನು ಕಳಿಸೋ ಮೊದ್ಲು ನಾನೇ ಹೋಗ್ತೀನಿ. ನನ್ನ ಕಡೆ 'ಸಿಟ್ಟು ಜಾಸ್ತಿ' ಅಂತ ಬರೆದಿದ್ದೀಯಲ್ಲ."

"ನನ್ನ ಕಡೆ 'ಕೆಲಸ ಆಗಲ್ಲ' ಅಂತಿದೆ," ಎಂದಳು ಅಮ್ಮ. "ಹೋಗಬೇಕಾದೋಳು ನಾನು. ಬೀಗಿತ್ತಿಯವ್ರಿಗೆ ಇದು ಮಗನ ಮನೆ."

"ಅಯ್ಯೋ, ಅದು ಕಾಲೇಜಿನ ಪಾಠ!" ಎಂದು ಅವಳು ನಕ್ಕಳು. ಇಬ್ಬರೂ ನಗಲಿಲ್ಲ.

"ಅಡುಗೆಮನೇಲಿ ನನ್ನ ಮಗ 'ಇಬ್ಬರನ್ನೂ ನೋಡ್ಕೊಳ್ಳೋದು ಕಷ್ಟ, ಒಬ್ಬರನ್ನ ಎಲ್ಲಾದ್ರೂ ಬಿಡೋಣ' ಅಂದಿದ್ದೂ ಪಾಠಾನಾ?" ಎಂದರು ಅತ್ತೆ. "ಗೋಡೆಗೇ ಕಿವಿ ಇರುತ್ತಂತೆ, ನನಗಿಲ್ವಾ?"

ಗಂಡ ಅಂದದ್ದು ನಿಜ. ತಾನು 'ನೋಡೋಣ' ಎಂದದ್ದೂ ನಿಜ. ಹಾಳೆ ನೋಡಿದಳು. ಅಲ್ಲಿದ್ದ ಒಂದು ಪ್ರಶ್ನೆಯೂ ಇವರು ಎಂಥವರು ಎಂದು ಕೇಳುತ್ತಿರಲಿಲ್ಲ. ಯಾರಿಂದ ತೊಂದರೆ ಹೆಚ್ಚು ಎಂದಷ್ಟೇ ಕೇಳುತ್ತಿದ್ದವು. ಅಂಗಡಿಯಲ್ಲಿ ಗಿರಾಕಿಯ ಕಣ್ಣ ಮುಂದೆ ಗಾಜು ಬದಲಿಸುತ್ತ "ಇದಾ, ಅದಾ?" ಎಂದು ಕೇಳಿ ಒಂದನ್ನು ಪಕ್ಕಕ್ಕಿಡುವ ಕೈ ಇಲ್ಲಿಯೂ ಅದನ್ನೇ ಮಾಡಿತ್ತು.

ಎರಡು ಮಂಚಗಳ ನಡುವೆ ನೆಲದ ಮೇಲೆ ಕೂತಳು. "ತಪ್ಪಾಯ್ತು. ಏನು ಕೇಳಬೇಕು ಅಂತ ನೀವೇ ಹೇಳಿ."

ಅಮ್ಮ ಚೀಲದ ಹಿಡಿ ಬಿಟ್ಟು, "ಚಿಕ್ಕೋರಿದ್ದಾಗ ಯಾವುದಕ್ಕೆ ಹೆದರ್ತಿದ್ರಿ ಅಂತ ಕೇಳು," ಎಂದಳು.

"ನೀರಿಗೆ," ಎಂದರು ಅತ್ತೆ ತಟ್ಟನೆ.

"ನಾನೂ! ಬಾವಿ ಹತ್ರ ಹೋಗ್ತಾನೇ ಇರಲಿಲ್ಲ."

"ಬಾವಿ ಏನು ಮಹಾ? ನಾನು ಬಕೆಟ್ ಕಂಡ್ರೂ ಅಳ್ತಿದ್ದೆ."

ಯಾರ ಹೆದರಿಕೆ ದೊಡ್ಡದೆಂದು ಜಗಳ ಹತ್ತಿಕೊಂಡಾಗ ಬಸ್ ಓಡಿಸುವ ಪಾಳಿ ಮುಗಿಸಿ ಗಂಡ ಬಂದ. ಚೀಲ ನೋಡಿದ, ತಾಯಿಯ ಮುಖ ನೋಡಿದ.

"ಯಾರೂ ಎಲ್ಲಿಗೂ ಹೋಗಲ್ಲ, ರೀ," ಎಂದಳು ಅವಳು ಎಲ್ಲರ ಎದುರಿಗೇ. "ಕಷ್ಟಾನ ನಾವಿಬ್ರೂ ಹಂಚ್ಕೊಳ್ಳೋಣ."

ಅವನು ತಲೆ ಕೆರೆದುಕೊಂಡ. "ಹಾಗಾದ್ರೆ ಪಾಳಿ ಬದಲಾಯಿಸಿ ಅಂತ ಕೇಳ್ತೀನಿ. ಕೊಡ್ತಾರೋ ಇಲ್ವೋ."

ಅದು ಅವಳಿಗೂ ಗೊತ್ತಿರಲಿಲ್ಲ. ಆದರೂ ಹೊಸ ಹಾಳೆ ತೆಗೆದು, 'ಹೆದರಿಕೆ' ಎಂದು ಮೇಲೆ ಬರೆದು, ಜಗಳ ಕೇಳುತ್ತ ಎರಡೂ ಕಡೆ ತುಂಬತೊಡಗಿದಳು.